ಅಪ್ಪನ ಧ್ವನಿ ಇದ್ದ ಬದಿ

ಅಪ್‌ಡೇಟ್ ಮಾಡಿದ್ದು ಅಪ್ಪನೇ. ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ದಿನ ಬೆಳಗಾದರೆ ಒಂದು ಪುಟ್ಟ ಚೌಕ ಎದ್ದು ನಿಂತು, ಹೊಸ ಫರ್ಮ್‌ವೇರ್ ಬಂದಿದೆ, ಈಗಲೇ ಹಾಕಲೋ ಆಮೇಲೆ ಹಾಕಲೋ ಎಂದು ಕೇಳುತ್ತಿತ್ತು. ಮಗಳು ಅದಕ್ಕೆ ಸೊಪ್ಪು ಹಾಕದೆ ಪ್ರತಿ ಸಲವೂ ‘ಆಮೇಲೆ’ ಒತ್ತುತ್ತಿದ್ದಳು. ಅಪ್ಪ ಅದನ್ನು ಅವಳ ಹೆಗಲ ಮೇಲಿಂದ ನೋಡುತ್ತಿದ್ದ. ಬಟ್ಟೆ ಗಿರಣಿಯಲ್ಲಿ ಮೇಸ್ತ್ರಿಯಾಗಿ ತಲೆ ನರೆಸಿಕೊಂಡವನಿಗೆ ‘ಆಮೇಲೆ’ ಎಂಬ ಮಾತು ಕೇಳಿದರೇ ಮೈ ಉರಿಯುತ್ತಿತ್ತು. ಒಂದು ಭಾನುವಾರ ಅವಳು ಸ್ನಾನಕ್ಕೆ ಹೋದ ಸಮಯ ನೋಡಿ ‘ಈಗಲೇ’ ಒತ್ತಿಬಿಟ್ಟ. ಪರದೆ ಕಪ್ಪಾಯಿತು, ಒಂದು ಬಿಳಿ ಪಟ್ಟಿ ನಿಧಾನಕ್ಕೆ ತುಂಬಿತು, ಯಂತ್ರ ತಾನಾಗಿಯೇ ಆರಿ ಮತ್ತೆ ಶುರುವಾಯಿತು. ಅವಳು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಅಪ್ಪ ಸಿಕ್ಕ ಸಿಕ್ಕ ಕೀಲಿ ಒತ್ತುತ್ತ ಬಾಲ ಸುಟ್ಟ ಬೆಕ್ಕಿನ ಹಾಗೆ ಚಡಪಡಿಸುತ್ತಿದ್ದ. ಅವನ ಧ್ವನಿ ಹೋಗಿತ್ತು.

ಧ್ವನಿ ಹೋದದ್ದು ಇದು ಎರಡನೇ ಸಲ. ಮೊದಲನೆಯದು ಆಸ್ಪತ್ರೆಯಲ್ಲಿ. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕೆಂದು ಗೊತ್ತಾದಾಗ ಅಲ್ಲಿನ ಸ್ಪೀಚ್ ಥೆರಪಿಸ್ಟ್ ಒಂದು ಉಪಾಯ ಹೇಳಿದ್ದಳು. ಆಪರೇಷನ್ನಿಗೆ ಮುಂಚೆಯೇ ಬೇಕಾದ ಮಾತುಗಳನ್ನೆಲ್ಲ ಅವರದೇ ಧ್ವನಿಯಲ್ಲಿ ರೆಕಾರ್ಡ್ ಮಾಡಿಡಿ, ಆಮೇಲೆ ಗುಂಡಿ ಒತ್ತಿದರೆ ಲ್ಯಾಪ್‌ಟಾಪ್ ಮಾತಾಡುತ್ತದೆ ಎಂದು. ಆ ಪ್ರೋಗ್ರಾಂ ಓಡುತ್ತಿದ್ದದ್ದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮಾತ್ರ. ಮಗಳು ಮನೆಗೆ ಹೊತ್ತು ತರುವ ಆಫೀಸಿನ ಕೆಲಸಕ್ಕೆ ವಿಂಡೋಸ್ ಬೇಕು. ಮನೆಯಲ್ಲಿದ್ದದ್ದು ಒಂದೇ ಲ್ಯಾಪ್‌ಟಾಪ್. ಹಾಗಾಗಿ ಒಂದೇ ಯಂತ್ರದೊಳಗೆ ಎರಡನ್ನೂ ಹಾಕಿಸಿದರು. ಶುರು ಮಾಡಿದ ಕೂಡಲೇ ಪರದೆಯ ಮೇಲೆ ಎರಡು ಸಾಲು ಬರುತ್ತಿದ್ದವು, ಅಪ್ಪನ ಬದಿ, ಮಗಳ ಬದಿ. ಯಾರಿಗೆ ಯಾವುದು ಬೇಕೋ ಅದನ್ನು ಆರಿಸಿಕೊಂಡು ಒಳಗೆ ಹೋಗುವುದು. ಈಗ ಆ ಎರಡು ಸಾಲೇ ಬರುತ್ತಿರಲಿಲ್ಲ. ಯಂತ್ರ ಹೇಳದೆ ಕೇಳದೆ ನೆಟ್ಟಗೆ ಮಗಳ ಬದಿಗೆ ಹೋಗಿ ನಿಲ್ಲುತ್ತಿತ್ತು.

ರೆಕಾರ್ಡ್ ಮಾಡಿದ ಮಾತುಗಳ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಗಿರಣಿಯಲ್ಲಿ ಮಗ್ಗಗಳ ಸದ್ದಿನ ಮೇಲೆ ಕೂಗಿ ಕೂಗಿ ಅಪ್ಪನ ಗಂಟಲು ಎಂಥದ್ದಾಗಿತ್ತೆಂದರೆ, ಕೆಲಸಗಾರರು ಅವನಿಗೆ ‘ಸೈರನ್’ ಎಂದು ಹೆಸರಿಟ್ಟಿದ್ದರು. ಗಿರಣಿಯ ನಿಜವಾದ ಸೈರನ್ ಕೆಟ್ಟು ವಾರವಾದರೂ ಮ್ಯಾನೇಜರಿಗೆ ಗೊತ್ತೇ ಆಗಲಿಲ್ಲವಂತೆ. ಮನೆಗೂ ಅದೇ ಗಂಟಲು. ಮೈಕಿನ ಮುಂದೆ ಕೂತು ಅವನು ಆರಿಸಿಕೊಂಡದ್ದೂ ದಿನನಿತ್ಯದ ಮಾತುಗಳನ್ನೇ. ‘ಯಾರಪ್ಪನ ಮನೆ ಗಂಟು ಅಂತ ಫ್ಯಾನ್ ಹಾಕಿ ಹೋಗಿದ್ದೀರಿ?’ ‘ಕಣ್ಣು ಎಲ್ಲಿಟ್ಕೊಂಡು ನಡೀತೀಯ?’ ‘ಉಪ್ಪು ಹಾಕೋದು ಮರೆತೋಯ್ತಾ, ಇಲ್ಲ ಉಪ್ಪೇ ಮುಗಿದೋಯ್ತಾ?’ ಮಗಳು ಎದುರು ಕೂತು ಒಂದೊಂದನ್ನೇ ರೆಕಾರ್ಡ್ ಮಾಡಿ ಒಂದೊಂದಕ್ಕೂ ಪರದೆಯ ಮೇಲೆ ಒಂದು ಗುಂಡಿ ಕೊಟ್ಟಳು. ಬೇರೆ ರೋಗಿಗಳು ನೀರು ಬೇಕು, ನೋವಾಗುತ್ತಿದೆ ಎಂದು ಹೇಳಿಟ್ಟುಕೊಳ್ಳುತ್ತಾರೆ. ಇವನು ಉಳಿದ ಆಯಸ್ಸಿಗೆಲ್ಲ ಸಾಕಾಗುವಷ್ಟು ಬೈಗುಳ ಕೂಡಿಟ್ಟುಕೊಂಡ. ಆಪರೇಷನ್ ಮುಗಿದು ಮನೆಗೆ ಬಂದವನು ಕುತ್ತಿಗೆಯಲ್ಲಿ ಉಸಿರಿಗೆಂದು ಮಾಡಿದ ತೂತಿನ ಮೇಲೆ ತೆಳ್ಳನೆ ಬಟ್ಟೆ ಸುತ್ತಿಕೊಂಡು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಗುಂಡಿ ಒತ್ತಿ ಒತ್ತಿ ಮನೆ ನಡೆಸತೊಡಗಿದ. ಮೊದಲಾದರೆ ಕೂಗಿ ಸುಸ್ತಾದ ಮೇಲೆ ಒಂದಿಷ್ಟು ಹೊತ್ತು ಸುಮ್ಮನಾಗುತ್ತಿದ್ದ. ಯಂತ್ರಕ್ಕೆ ಆ ಸುಸ್ತೂ ಇಲ್ಲ.

ಮಗಳ ಕೆಲಸವೂ ಬೈಸಿಕೊಳ್ಳುವುದೇ. ಲ್ಯಾಪ್‌ಟಾಪ್ ತಯಾರಿಸುವ ಕಂಪನಿಯೊಂದರ ಹೆಲ್ಪ್‌ಲೈನ್‌ನಲ್ಲಿ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತರೆ, ಕೆಟ್ಟ ಯಂತ್ರದ ಮೇಲಿನ ಸಿಟ್ಟನ್ನೆಲ್ಲ ಜನ ಅವಳ ಮೇಲೆ ತೀರಿಸಿಕೊಳ್ಳುತ್ತಿದ್ದರು. ‘ನಿಮ್ಮ ತೊಂದರೆ ಅರ್ಥವಾಗುತ್ತೆ ಸರ್’ ಎಂದು ಹೇಳಿ ಹೇಳಿ ಅವಳಿಗೆ ಯಾರ ತೊಂದರೆಯೂ ಅರ್ಥವಾಗದಂತಾಗಿತ್ತು. ಗಂಡನನ್ನು ಬಿಟ್ಟು ತವರಿಗೆ ಬಂದ ದಿನ ಅವಳು ಅಳಲಿಲ್ಲ. ಅಪ್ಪನನ್ನು ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋದಾಗಲೂ ಅಳಲಿಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಅಂಥದ್ದು ಒಳಗೆಲ್ಲೋ ಹಿಡಿದಿತ್ತು. ಚಿವುಟಿದರೆ ಚಿವುಟಿದ್ದು ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ.

ಆ ಭಾನುವಾರ ಸಂಜೆ ಅವಳು ಲ್ಯಾಪ್‌ಟಾಪನ್ನು ತನ್ನ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡಳು. ಏನಾಗಿದೆಯೆಂದು ಅವಳಿಗೆ ಆಗಲೇ ಅಂದಾಜಿತ್ತು. ಯಂತ್ರ ಎದ್ದ ಕೂಡಲೇ ಒಳಗಿರುವವರಲ್ಲಿ ಮೊದಲು ಯಾರನ್ನು ಎಬ್ಬಿಸಬೇಕೆಂದು ತೀರ್ಮಾನಿಸುವುದು ಫರ್ಮ್‌ವೇರ್. ಹೊಸದು ಬಂದಾಗ ಕೆಲವು ಸಲ ಹಳೆಯ ಸರದಿಯನ್ನು ಮರೆತು ತನ್ನದೇ ಸರದಿ ಹಾಕಿಕೊಳ್ಳುತ್ತದೆ. ಚಾರ್ಜರ್ ಸಿಕ್ಕಿಸಿ, ಆರಿಸಿ, ಮತ್ತೆ ಶುರು ಮಾಡುವಾಗ ಒಂದು ಕೀಲಿಯನ್ನು ಒತ್ತಿ ಹಿಡಿದಳು. ನೀಲಿ ಪರದೆ ಬಂತು. ಅದರಲ್ಲಿ ‘ಬೂಟ್’ ಎಂಬ ಪುಟ, ಪುಟದಲ್ಲಿ ಒಂದರ ಕೆಳಗೊಂದು ಎರಡು ಹೆಸರು. ಅಪ್ಪನ ಬದಿ ಎಲ್ಲೂ ಹೋಗಿರಲಿಲ್ಲ. ಎರಡನೇ ಸಾಲಿನಲ್ಲಿ ಕೂತಿತ್ತು. ಅದನ್ನು ಯಾರೂ ಎಬ್ಬಿಸುತ್ತಿರಲಿಲ್ಲ, ಅಷ್ಟೇ. ಒಂದು ಕೀಲಿ ಒತ್ತಿ ಅದನ್ನು ಮೇಲಕ್ಕೆ ತಂದು, ಇನ್ನೊಂದು ಒತ್ತಿ ಉಳಿಸಿದರೆ ಮುಗಿಯಿತು. ಹೂ ಎತ್ತಿದಷ್ಟು ಸಲೀಸಾದ ಕೆಲಸ.

ಬಾಗಿಲಾಚೆ ಮನೆ ಸುಮ್ಮನಿತ್ತು. ಅಮ್ಮ ಪಾತ್ರೆ ತೊಳೆದು ಮಗುಚಿ ಹಾಕುವುದು ಕೇಳಿಸಿತು. ಅವಳು ನಲ್ಲಿ ನಿಲ್ಲಿಸಿದ ಮೇಲೂ ಒಂದೊಂದೇ ತೊಟ್ಟು ಬೀಳುವುದು ಕೇಳಿಸಿತು. ಆ ನಲ್ಲಿ ಎಷ್ಟು ಕಾಲದಿಂದ ಹಾಗೆ ಸೋರುತ್ತಿತ್ತೋ, ಕಿವಿಗೆ ಬಿದ್ದದ್ದು ಇವತ್ತೇ. ಬೆರಳನ್ನು ಕೀಲಿಯ ಮೇಲಿಟ್ಟುಕೊಂಡು ಮಗಳು ಬಹಳ ಹೊತ್ತು ಕೂತಳು. ಕೊನೆಗೆ ಆ ಪುಟದಿಂದ ಹೊರಗೆ ಬರುವ ಕೀಲಿ ಒತ್ತಿದಳು. ಏನನ್ನೂ ಬದಲಿಸದೆ ಹೋಗುತ್ತೀರಾ ಎಂದು ಪರದೆ ಕೇಳಿತು. ಹೌದು ಎಂದಳು.

“ಆಯ್ತೇನೇ?” ಎಂದು ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

“ಇಲ್ಲಮ್ಮ. ಸ್ವಲ್ಪ ಕಷ್ಟ ಇದೆ.”

“ನಿಧಾನಕ್ಕೆ ನೋಡು. ಈಗೇನು ಅವಸರ?” ಎಂದು ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಅವಳ ಮುಖದಲ್ಲಿ ಬೇಸರವೇನೂ ಇರಲಿಲ್ಲ.

ಅಮ್ಮ ಎಲ್ಲಿಂದಲೋ ಒಂದು ಸ್ಲೇಟು, ಬಳಪ ಹುಡುಕಿ ತಂದುಕೊಟ್ಟಳು. ಸ್ಲೇಟಿನ ಮೇಲೆ ಬೈಯುವುದು ಎಷ್ಟು ಕಷ್ಟವೆಂದು ಅಪ್ಪನಿಗೆ ಆಗ ಗೊತ್ತಾಯಿತು. ‘ಫ್ಯಾನ್’ ಎಂದು ಬರೆದು ಎತ್ತಿ ಹಿಡಿಯುವಷ್ಟರಲ್ಲಿ ಫ್ಯಾನ್ ಹಾಕಿದವಳು ಅದನ್ನು ಆರಿಸಿ ಹೋಗಿರುತ್ತಿದ್ದಳು. ಅಮ್ಮ ಬೆನ್ನು ತಿರುಗಿಸಿ ನಿಂತಿದ್ದರೆ ಬರೆದದ್ದು ಓದುವವರಿಲ್ಲ. ಸಿಟ್ಟಿನಿಂದ ಒತ್ತಿ ಬರೆದರೆ ಬಳಪ ಮುರಿಯುತ್ತದೆ. ಸಿಟ್ಟಿಲ್ಲದೆ ಬರೆದರೆ ಅದು ಬೈದಂತೆಯೇ ಇರುವುದಿಲ್ಲ. ಕೆಲವು ದಿನ ಗುದ್ದಾಡಿ, ಕೊನೆಗೆ ನೀರು, ಮಾತ್ರೆ, ಬಾಗಿಲು ಎಂಬ ಒಂದೊಂದೇ ಪದಕ್ಕೆ ಇಳಿದ.

ಈಗ ಅಮ್ಮ ಮಾತಾಡತೊಡಗಿದಳು. ಅವಳೊಳಗೆ ಇಷ್ಟು ಮಾತಿದೆಯೆಂದೇ ಮಗಳಿಗೆ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಕದ್ದು ಸೈಕಲ್ ಕಲಿತದ್ದು, ಬಿದ್ದು ಹಲ್ಲು ಮುರಿದುಕೊಂಡದ್ದು, ಅಕ್ಕನ ಮದುವೆಯ ಗಲಾಟೆಯಲ್ಲಿ ಯಾರಿಗೂ ಹೇಳದೆ ಚಿಕ್ಕಮ್ಮನ ಜೊತೆ ಸಿನಿಮಾಕ್ಕೆ ಹೋಗಿ ಬಂದದ್ದು, ಒಂದರ ಬಾಲ ಹಿಡಿದು ಇನ್ನೊಂದು ಬಂದವು. ಮಗಳು ಹೂಂಗುಟ್ಟುತ್ತಿದ್ದಳು. ಇದು ಸಂತೋಷವೇ ಎಂದು ತನ್ನನ್ನೇ ಕೇಳಿಕೊಂಡಳು. ಅಲ್ಲ. ತಪ್ಪು ಮಾಡಿದ ಭಯವೇ? ಅದೂ ಅಲ್ಲ. ಏನೂ ಇರಲಿಲ್ಲ. ದಿನಾ ಸಂಜೆ ಲ್ಯಾಪ್‌ಟಾಪ್ ಹಿಡಿದು ಕೋಣೆಗೆ ಹೋಗಿ, ಸ್ವಲ್ಪ ಹೊತ್ತು ಗೋಡೆ ನೋಡುತ್ತ ಕೂತು, ಹೊರಗೆ ಬಂದು “ಇನ್ನೂ ಇಲ್ಲ ಅಪ್ಪ” ಎನ್ನುತ್ತಿದ್ದಳು. ಅಪ್ಪ ತಲೆಯಾಡಿಸುತ್ತಿದ್ದ.

ಒಂದು ಮಧ್ಯಾಹ್ನ ಹೆಲ್ಪ್‌ಲೈನಿಗೆ ಒಬ್ಬನ ಕರೆ ಬಂತು. ಅಪ್‌ಡೇಟ್ ಆದಮೇಲೆ ತನ್ನ ಲಿನಕ್ಸ್ ಮಾಯವಾಗಿದೆ, ತಾನು ವರ್ಷಗಟ್ಟಲೆ ಮಾಡಿದ ಕೆಲಸವೆಲ್ಲ ಅದರಲ್ಲಿದೆ, ನಿಮ್ಮ ಕಂಪನಿಯನ್ನು ಬೀದಿಗೆಳೆಯುತ್ತೇನೆ ಎಂದು ಅವನು ಅರಚಾಡಿದ.

“ಅದೆಲ್ಲೂ ಹೋಗಿಲ್ಲ ಸರ್,” ಎಂದಳು ಅವಳು. “ಚಾರ್ಜರ್ ಹಾಕಿದ್ದೀರಾ? ಆಫ್ ಮಾಡಿ ಆನ್ ಮಾಡಿ. ನಾನು ಹೇಳೋ ಕೀ ಒತ್ತಿ ಹಿಡ್ಕೊಳ್ಳಿ. ನೀಲಿ ಪರದೆ ಬಂತಾ?”

“ಬಂತು.”

“ಎರಡನೇ ಸಾಲು ನೋಡಿ.”

ಆ ಕಡೆ ಕೀಲಿಗಳ ಸದ್ದಾಯಿತು. ಆಮೇಲೆ ಮೂಗೆಳೆದದ್ದು ಕೇಳಿಸಿತು. “ಇದೆ ಮೇಡಂ. ಇಲ್ಲೇ ಇದೆ. ಹೋದ ಜೀವ ಬಂತು ನಂಗೆ.”

“ಇನ್ನೇನಾದ್ರೂ ಸಹಾಯ ಬೇಕಾ ಸರ್?” ಎಂದು ಕೇಳಿ, ಬೇಡವೆಂದ ಮೇಲೆ ಕರೆ ಮುಗಿಸಿದಳು. ಪಕ್ಕದ ಕುರ್ಚಿಯ ಗೆಳತಿ “ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗಿಸಿಬಿಟ್ಯಲ್ಲೇ” ಎಂದು ಹುಬ್ಬೇರಿಸಿದಳು. ಮಗಳು ನೀರು ಕುಡಿದು ಮುಂದಿನ ಕರೆ ತೆಗೆದುಕೊಂಡಳು. ಏನೂ ಅನ್ನಿಸಲಿಲ್ಲ. ಏನೂ ಅನ್ನಿಸುತ್ತಿಲ್ಲವಲ್ಲ ಎಂದಷ್ಟೇ ಅನ್ನಿಸಿತು.

ಅಷ್ಟು ಹೊತ್ತಿಗೆ ಅಪ್ಪ ಸ್ಲೇಟು ಎತ್ತುವುದನ್ನೂ ಬಿಟ್ಟಿದ್ದ. ಬೆಳಿಗ್ಗೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರೆ ಬೀದಿಯಲ್ಲಿ ಹೋಗಿ ಬರುವವರನ್ನು ನೋಡುತ್ತ ಕೂತೇ ಇರುತ್ತಿದ್ದ. ಫ್ಯಾನ್ ತಿರುಗುತ್ತಿದ್ದರೆ ತಿರುಗಲಿ, ಬಾಗಿಲು ತೆರೆದಿದ್ದರೆ ತೆರೆದಿರಲಿ. ಒಂದು ದಿನ ಅಮ್ಮ ಬೇಕೆಂದೇ ಉಪ್ಪು ಹಾಕದೆ ಬಡಿಸಿದಳು. ಅಪ್ಪ ಮುಖ ಎತ್ತದೆ ಉಂಡು ಕೈ ತೊಳೆದುಕೊಂಡ.

“ಇದ್ಯಾಕೋ ಸರಿ ಕಾಣ್ತಿಲ್ಲ ಕಣೇ,” ಎಂದಳು ಅಮ್ಮ. ಅವಳ ಕಥೆಗಳೂ ಅಲ್ಲಿಂದಾಚೆಗೆ ಕಡಿಮೆಯಾದವು.

ತಪಾಸಣೆಯ ದಿನ ಮಗಳು ರಜೆ ಹಾಕಿ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಥೆರಪಿಸ್ಟಳದು ಕಿಷ್ಕಿಂಧೆಯಂಥ ಕೋಣೆ, ಮೇಜಿನ ಮೇಲೊಂದು ಕನ್ನಡಿ, ಕೂತವರು ತಮ್ಮ ಬಾಯನ್ನು ತಾವೇ ನೋಡಿಕೊಳ್ಳಲೆಂದು. ಲ್ಯಾಪ್‌ಟಾಪ್ ಎಲ್ಲಿ ಎಂದು ಆಕೆ ಕೇಳಿದಳು. ಅಪ್ಪ ಮಗಳ ಕಡೆ ಬೆರಳು ಮಾಡಿದ. ಮಗಳು ಅಪ್‌ಡೇಟಿನ ವಿಷಯ ಹೇಳಿದಳು.

“ಇಷ್ಟು ದಿನ ಆದ್ರೂ ಸರಿ ಹೋಗ್ಲಿಲ್ವಾ?” ಥೆರಪಿಸ್ಟ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಮಾತಾಡೋ ಅಭ್ಯಾಸ ತಪ್ಪಿದ್ರೆ ಇಂಥವರು ಪೂರ್ತಿ ಮೂಲೆ ಹಿಡೀತಾರೆ. ಈಗ್ಲೇ ಹಿಡಿದಿದ್ದಾರೆ, ನೋಡಿ. ಲ್ಯಾಪ್‌ಟಾಪ್ ಸರಿ ಮಾಡಿಸೋದೇ ನಿಮ್ಮ ಕೆಲಸ ಅಲ್ವೇನಮ್ಮ?”

ಮಗಳು ಕನ್ನಡಿಯಿಂದ ಮುಖ ತಿರುಗಿಸಿದಳು.

ಅಪ್ಪ ಗೆಣ್ಣಿನಿಂದ ಮೇಜು ಕುಟ್ಟಿದ. ಚೀಲದಿಂದ ಸ್ಲೇಟು ತೆಗೆದು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದ. ಅಷ್ಟು ದಿನ ಒಂದು ಪದಕ್ಕೂ ಕೈ ಎತ್ತದವನು ಸಣ್ಣ ಸಣ್ಣ ಅಕ್ಷರದಲ್ಲಿ, ಸಾಲಿನ ಕೆಳಗೆ ಸಾಲು, ಸ್ಲೇಟು ತುಂಬುವವರೆಗೂ ಬರೆದ. ಕೊನೆಯ ಪದಕ್ಕೆ ಜಾಗ ಸಾಲದೆ ಮರದ ಅಂಚಿನ ಮೇಲೆ ಬರೆದ. ಥೆರಪಿಸ್ಟ್ ಅದನ್ನು ಜೋರಾಗಿ ಓದಿದಳು.

“ಅವಳನ್ನು ಬೈಯಬೇಡಿ. ತಪ್ಪು ನನ್ನದು. ಅವಳು ಬೇಡವೆಂದು ಬಿಟ್ಟದ್ದನ್ನು ನಾನು ಒತ್ತಿದೆ. ದಿನಾ ಆಫೀಸಿನಿಂದ ದಣಿದು ಬಂದು ಬಾಗಿಲು ಹಾಕಿಕೊಂಡು ಕೂತು ನೋಡುತ್ತಾಳೆ. ಕಷ್ಟದ ಕೆಲಸ. ಅವಳ ಕೈಯಲ್ಲಿ ಆಗದ್ದು ಬೇರೆ ಯಾರ ಕೈಯಲ್ಲೂ ಆಗುವುದಿಲ್ಲ.”

ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಅವಳ ಹೆಗಲಿಗೆ ತಲೆಯಾನಿಸಿ ನಿದ್ದೆ ಹೋದ. ಜೋಮು ಹಿಡಿದ ಕಾಲಿಗೆ ರಕ್ತ ಇಳಿಯುವಾಗ ಚುಚ್ಚುವಂತೆ ಅವಳಿಗೆ ಎದೆಯೊಳಗೆ ಚುಚ್ಚತೊಡಗಿತು. ಅದು ಬರೀ ನೋವು, ಇನ್ನೇನೂ ಅಲ್ಲ. ಇಳಿಯುವ ನಿಲ್ದಾಣ ಬರುವವರೆಗೂ ಅವಳು ಹೆಗಲು ಅಲ್ಲಾಡಿಸಲಿಲ್ಲ.

ಮನೆಗೆ ಬಂದವಳು ಲ್ಯಾಪ್‌ಟಾಪನ್ನು ಕೋಣೆಗೆ ಒಯ್ಯಲಿಲ್ಲ. ಊಟದ ಮೇಜಿನ ಮೇಲೆ, ಅಪ್ಪನ ಎದುರಿಗೇ ಇಟ್ಟಳು. ಕೀಲಿ ಒತ್ತಿ ಹಿಡಿದಳು, ನೀಲಿ ಪರದೆ ಬಂತು, ಎರಡನೇ ಸಾಲನ್ನು ಮೇಲಕ್ಕೆ ತಂದಳು, ಉಳಿಸಿದಳು. ಪರದೆಯ ಮೇಲೆ ಎರಡು ಸಾಲು ಬಂದವು. ಅಪ್ಪನ ಬದಿ ತೆರೆದುಕೊಂಡಿತು. ಅಪ್ಪ ಪರದೆ ನೋಡಿದ, ಅವಳನ್ನು ನೋಡಿದ. ಆಮೇಲೆ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡ.

ಅವನು ಯಾವ ಗುಂಡಿಯನ್ನೂ ಒತ್ತಲಿಲ್ಲ. ಗುಂಡಿಗಳ ಕೆಳಗಿದ್ದ ಖಾಲಿ ಜಾಗದಲ್ಲಿ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಏನೋ ಕುಟ್ಟಿದ. ರೆಕಾರ್ಡ್ ಆಗಿರದ ಮಾತು ಬಂದರೆ ಆ ಪ್ರೋಗ್ರಾಂ ತನ್ನದೇ ಧ್ವನಿಯಲ್ಲಿ ಓದುತ್ತದೆ, ರೈಲ್ವೆ ನಿಲ್ದಾಣದಲ್ಲಿ ಗಾಡಿ ತಡವೆಂದು ಹೇಳುವಂಥ ಧ್ವನಿಯಲ್ಲಿ.

‘ತುಂಬಾ ಚೆನ್ನಾಗಿ ಮಾಡಿದೆ ಮಗಳೇ,’ ಎಂದಿತು ಆ ಧ್ವನಿ.

ಮೊದಲ ಪದದಿಂದ ಕೊನೆಯ ಪದದವರೆಗೂ ಯಾರದೋ ಧ್ವನಿ. ಅದರಲ್ಲಿ ಒಂದನ್ನೂ ಅಪ್ಪ ಮೈಕಿನ ಮುಂದೆ ಹೇಳಿರಲಿಲ್ಲ. ಅದು ಮಾತಾಡುವಾಗ ಅಪ್ಪನ ತುಟಿಗಳೂ ಜೊತೆಗೆ ಅಲುಗುತ್ತಿದ್ದವು.

“ಅಪ್ಪ,” ಎಂದಳು ಅವಳು. “ಇದು ಮೊದಲನೇ ದಿನಾನೇ ಆಗ್ತಿತ್ತು. ಈಗ ನೋಡಿದ್ಯಲ್ಲ, ಇಷ್ಟೇ ಕೆಲಸ. ನಂಗೆ ಅವತ್ತೇ ಗೊತ್ತಿತ್ತು. ಮಾಡ್ಲಿಲ್ಲ. ಮನೆ ಸುಮ್ನಿತ್ತು. ಹಾಗೇ ಇರ್ಲಿ ಅನ್ನಿಸ್ತು.”

ಅಪ್ಪ ರೆಪ್ಪೆ ಬಡಿಯದೆ ಅವಳನ್ನೇ ನೋಡಿದ. ಕುತ್ತಿಗೆಯ ಬಟ್ಟೆ ಉಸಿರಿಗೆ ತಕ್ಕಂತೆ ಏರಿಳಿಯುತ್ತಿತ್ತು. ಆಮೇಲೆ ಅವನ ಬೆರಳು ಗುಂಡಿಗಳ ಸಾಲಿಗೆ ಹೋಯಿತು. ಅವಳು ನೆಟ್ಟಗೆ ಕೂತಳು. ಬೈಯಲಿ ಎಂದುಕೊಂಡಳು. ಬಾಯಾರಿದವಳಿಗೆ ನೀರು ಬೇಕಾಗುವಂತೆ ಅವಳಿಗೆ ಅದು ಬೇಕಾಗಿತ್ತು. ಬೆರಳು ಒಂದು ಗುಂಡಿಯ ಮೇಲೆ ನಿಂತಿತು. ಒತ್ತುವ ಮೊದಲು ಅಪ್ಪ ಅಡುಗೆಮನೆಯ ಕಡೆ ನೋಡಿದ. ಅಲ್ಲಿ ಅಮ್ಮ ಒಲೆಯ ಮುಂದೆ ನಿಂತಿದ್ದಳು. ಅವನು ಇನ್ನೊಂದು ಕೈಯಿಂದ ಸದ್ದಿನ ಕೀಲಿ ಒತ್ತಿ, ಒತ್ತಿ, ಸದ್ದನ್ನು ಕೊನೆಯ ಗೆರೆಯವರೆಗೂ ಇಳಿಸಿದ. ಆಮೇಲೆ ಗುಂಡಿ ಒತ್ತಿದ.

‘ಒಂದು ಕೆಲಸ ಹೇಳಿದ್ರೆ ನೆಟ್ಟಗೆ ಮಾಡೋಕೆ ಬರಲ್ವಾ ನಿಂಗೆ?’

ಅಪ್ಪನದೇ ಧ್ವನಿ. ಅವಳು ಬಗ್ಗಿ ಕಿವಿಯನ್ನು ಹತ್ತಿರ ತರಬೇಕಾಯಿತು. ಹುಟ್ಟಿದಾಗಿನಿಂದ ಅಪ್ಪ ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

“ಇನ್ನೊಂದ್ಸಲ ಅಪ್ಪ,” ಎಂದಳು.

ಅವನು ಮತ್ತೆ ಒತ್ತಿದ.