ಮೆಲ್ಚೋರನ ಹವಾಮಾನಕ್ಕೆ ಒಂದು ದೂರು

ಸ್ಪೇನಿನ ದ್ವೀಪದೂರು ಲಾಸ್ ಪಾಲ್ಮಾಸಿನ ಬಡಾವಣೆ ರೇಡಿಯೊದಲ್ಲಿ ಹವಾಮಾನ ಹೇಳುವುದೆಂದರೆ ಹೇಳಿದ್ದನ್ನೇ ಹೇಳುವುದು. ಜನವರಿಯಾದರೂ ಅಷ್ಟೇ, ಅಕ್ಟೋಬರ್ ಆದರೂ ಅಷ್ಟೇ: ಹಿತವಾದ ಬಿಸಿಲು, ಕಡಲ ಕಡೆಯಿಂದ ತಂಗಾಳಿ, ಮಳೆಯ ಮಾತೇ ಇಲ್ಲ. ಬೇಸಿಗೆಯಲ್ಲಿ ಕತ್ತೆಹೊಟ್ಟೆಯಂಥ ಬೂದು ಮೋಡ ಊರಿನ ನೆತ್ತಿಯ ಮೇಲೆ ಕವುಚಿಕೊಂಡರೆ ಅದೇ ದೊಡ್ಡ ಸುದ್ದಿ. ಪಾಪ, ಮೆಲ್ಚೋರ್ ಇಷ್ಟನ್ನೇ ತಲೆ ನರೆಯುವವರೆಗೂ ದಿನಾ ಬೆಳಿಗ್ಗೆ ಹೊಸ ಸಂಗತಿಯೆಂಬ ಹಾಗೆ ಹೇಳುತ್ತ ಬಂದಿದ್ದ.

ಹೊಸದಾಗಿ ಬಂದ ಮ್ಯಾನೇಜರ್ ಇಡೈರಾಳಿಗೆ ಇದು ದಂಡದ ಕೆಲಸ ಅನ್ನಿಸಿತು.

“ದೊನ್ ಮೆಲ್ಚೋರ್, ಬೇಜಾರು ಮಾಡ್ಕೋಬೇಡಿ. ಹೋದ ವರ್ಷದ ನಿಮ್ಮ ರೆಕಾರ್ಡಿಂಗನ್ನೇ ಈ ವಾರ ಹಾಕ್ತೀನಿ. ಶುಕ್ರವಾರ ಸಂಜೆ ಆರರೊಳಗೆ ‘ಹವಾಮಾನ ತಪ್ಪು’ ಅಂತ ಒಬ್ಬರಾದ್ರೂ ಫೋನ್ ಮಾಡಿದ್ರೆ ನಿಮ್ಮ ಕೆಲಸ ನಿಮಗೇ. ಮಾಡ್ಲಿಲ್ಲ ಅಂದ್ರೆ, ಕೇಳೋರೇ ಇಲ್ಲ ಅಂತ ಅರ್ಥ. ನೀವು ಮಾತ್ರ ಯಾರ ಹತ್ರಾನೂ ಬಾಯಿ ಬಿಡಬಾರ್ದು.”

“ಮಾಡೇ ಮಾಡ್ತಾರೆ, ನೋಡ್ತಿರಿ” ಅಂದ ಮೆಲ್ಚೋರ್. ಈ ಕೆಲಸ ಬಿಟ್ಟರೆ ಅವನಿಗೆ ಇನ್ನೇನೂ ಬರುತ್ತಿರಲಿಲ್ಲ.

ಸೋಮವಾರ ಎಂದಿನಂತೆ ಮನೆ ಬಿಟ್ಟು ಕಡಲ ದಂಡೆಯಲ್ಲಿ ಸುಮ್ಮನೆ ಅಲೆದ. ರೆಕಾರ್ಡಿಂಗ್ ಬಿಸಿಲು ಅಂದಿತು, ಬಿಸಿಲೇ ಬಂತು. ಮಂಗಳವಾರವೂ ಅದೇ, ಬುಧವಾರವೂ ಅದೇ. ದರಿದ್ರದ ಹವೆ! ಒಂದೇ ಒಂದು ಹನಿ ಉದುರಿಸಲು ಇದಕ್ಕೇನು ರೋಗ?

“ರೇಡಿಯೊದಲ್ಲಿ ನನ್ನ ಮಾತು ಬೇರೆ ಥರ ಏನಾದ್ರೂ ಅನ್ನಿಸ್ತಾ?” ಎಂದು ಹೆಂಡತಿ ಪಿನೊಳನ್ನು ಮೆಲ್ಲಗೆ ಕೆದಕಿದ.

“ಏನ್ ಬೇರೆ? ಅದೇ ರಾಗ, ಅದೇ ಹಾಡು” ಅಂದಳು. ಅವನಿಗೆ ಮೈಯೆಲ್ಲ ಉರಿದುಹೋಯಿತು.

ಶುಕ್ರವಾರ ರೆಕಾರ್ಡಿಂಗಿನ ಮೆಲ್ಚೋರ್ “ಬಟ್ಟೆ ಒಣಹಾಕೋಕೆ ಹೇಳಿ ಮಾಡಿಸಿದ ದಿನ” ಎಂದ. ಸಂಜೆ ಐದರ ಮೇಲೆ ಆಕಾಶ ಕಪ್ಪಿಟ್ಟು, ಧೋ ಎಂದು ಮಳೆ ಸುರಿಯಿತು. ಮೆಲ್ಚೋರ್ ಬೀದಿಯಲ್ಲೇ ಕುಣಿದಾಡಿದ. ಮನೆಗೆ ಓಡಿದರೆ ಪಿನೊ ತಾರಸಿಯಿಂದ ಕಂಬಳಿಗಳನ್ನು ಎಳೆದು ತರುತ್ತಿದ್ದಳು.

“ಸುಳ್ಳುಬುರುಕ! ನಿನ್ನ ಮಾತು ನಂಬಿ ಎಲ್ಲಾ ಒಗೆದು ಹಾಕಿದ್ದೆ. ನೋಡಿಲ್ಲಿ, ತೊಪ್ಪೆ!”

“ಹೌದು, ನಂದೇ ತಪ್ಪು! ಈಗಲೇ ರೇಡಿಯೊಗೆ ಫೋನ್ ಮಾಡಿ ಬೈಯಿ!”

“ತಲೆ ಕೆಟ್ಟಿದ್ಯಾ? ಗಂಡನ ಹೊಟ್ಟೆ ಮೇಲೆ ನಾನೇ ಹೊಡೀಲಾ?”

ಅವಳನ್ನು ಒಪ್ಪಿಸುತ್ತ ಕೂರಲು ಹೊತ್ತಿರಲಿಲ್ಲ. ನೆನೆದುಕೊಂಡೇ ಮೂಲೆಯ ಮೀನಂಗಡಿಗೆ ಓಡಿದ. ಅಂಗಡಿಯ ಚಾನೊ, ಬಾಲ್ಯದ ಗೆಳೆಯ, ಹೊರಗಿನ ಬುಟ್ಟಿಗಳನ್ನು ಒಳಗೆಳೆಯುತ್ತಿದ್ದ.

“ಚಾನೊ, ಇವತ್ತಿನ ನನ್ನ ಹವಾಮಾನ ಕೇಳಿದ್ಯಾ?”

“ಕೇಳ್ದೆ ಕಣಪ್ಪ. ನಿನ್ನ ಬಿಸಿಲಲ್ಲಿ ನನ್ನ ಮೀನೆಲ್ಲ ಮತ್ತೆ ಈಜೋಕೆ ಶುರು ಮಾಡಿದ್ವು.”

“ಹಾಗಾದ್ರೆ ಫೋನ್ ಮಾಡೋ ಪುಣ್ಯಾತ್ಮ! ನನ್ನ ಹೆಸರು ಹಿಡಿದು ಉಗಿ! ಕೈ ಮುಗೀತೀನಿ!”

“ಛೆ, ಇಷ್ಟೊಂದು ನೊಂದ್ಕೋತಾರೇನೋ?” ಚಾನೊ ಒದ್ದೆ ಕೈಯಲ್ಲೇ ಅವನ ಹೆಗಲು ಹಿಡಿದ. ಮೆಲ್ಚೋರ್ ತಡೆಯಲಾರದೆ, “ಅದಲ್ಲ ಕಣೋ, ಆ ಮ್ಯಾನೇಜರ್ ನನ್ನ ಜೊತೆ ಪಂಥ ಕಟ್ಟಿ—” ಎಂದು ಬಾಯಿ ತೆರೆಯುವಷ್ಟರಲ್ಲಿ ಚರ್ಚಿನ ಗಂಟೆ ಆರು ಹೊಡೆಯಿತು.

“ಕಾಫಿ ಅಂಗಡಿಯ ಚಾರೊ ಆಗಲೇ ಫೋನ್ ಎತ್ಕೊಂಡಿದ್ಳು. ನಾನೇ ಕಿತ್ಕೊಂಡೆ” ಅಂದ ಚಾನೊ. “ಮನೆಮನೆಗೂ ಹೇಳಿ ಬಂದಿದ್ದೀನಿ, ಒಬ್ಬರೂ ದೂರಬಾರ್ದು ಅಂತ. ನಿನ್ನ ಕೆಲಸ ಎಲ್ಲೂ ಹೋಗಲ್ಲ ಕಣೋ, ಇಡೀ ಬೀದಿ ನಿನ್ನ ಹಿಂದಿದೆ.”