ಅತ್ತೆಯವರ ಗಮನಕ್ಕೆ

ನನ್ನ ಸೊಸೆ ಬಾಯಿ ತೆರೆದರೆ ಊರಿಗೆಲ್ಲ ಕೇಳುತ್ತದೆ ಎಂದರೆ ಹೊಸಬರು ನನ್ನನ್ನು ಗಯ್ಯಾಳಿ ಅತ್ತೆ ಎಂದುಕೊಳ್ಳುತ್ತಾರೆ. ನಾನು ಗಯ್ಯಾಳಿಯೇ, ಅದು ಬೇರೆ ವಿಷಯ. ಆದರೆ ಈ ಮಾತು ನಿಜ. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ತಪ್ಪಿಸಿಕೊಂಡು ಅಳುತ್ತಿದೆ ಎಂದು ಕೂಗಿ ಹೇಳುವುದೇ ಅವಳ ಕೆಲಸ.

ನನಗೆ ಕಣ್ಣು ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಅವನ್ನು ಮೆಲ್ಲಗೆ ತಿಂದುಹಾಕಿತು. ಮೊಮ್ಮಗಳು ಗಿಣಿ ಹುಟ್ಟುವ ಹೊತ್ತಿಗೆ ನನಗೆ ಬೆಳಕು, ಕತ್ತಲೆ ಎರಡೇ ಉಳಿದಿದ್ದವು. ಆಮೇಲೆ ಅವೂ ಒಂದೇ ಆದವು. ಹಾಗಾಗಿ ಆ ಮಗುವಿನ ಮುಖವನ್ನು ನಾನು ನೋಡಿಲ್ಲ, ಕೇಳಿದ್ದೇನೆ ಅಷ್ಟೆ. ಸಂಜೆ ಕೆಲಸದಿಂದ ಬಂದ ಸೊಸೆ ಕೈಕಾಲು ತೊಳೆದು, ನನ್ನ ಮಂಚದ ತುದಿಯಲ್ಲಿ ಕೂತು, ಅದೇ ಮೈಕಿನ ರಾಗದಲ್ಲಿ ಶುರು ಮಾಡುತ್ತಿದ್ದಳು.

"ಅತ್ತೆಯವರ ಗಮನಕ್ಕೆ. ಗಿಣಿಯ ಮುಂದಿನ ಹಲ್ಲು ಈಗಷ್ಟೇ ನಿಲ್ದಾಣ ಬಿಟ್ಟಿದೆ. ಹೊಸ ಹಲ್ಲು ಸ್ವಲ್ಪ ತಡವಾಗಿ ಬರಲಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ."

"ಆಂ?" ಎನ್ನುತ್ತಿದ್ದೆ ನಾನು.

ನನ್ನ ಕಿವಿ ನೆಟ್ಟಗಿದೆ. ಪಕ್ಕದ ಮನೆಯ ಜಗಳದಲ್ಲಿ ಒಂದಕ್ಷರವೂ ನನಗೆ ತಪ್ಪುವುದಿಲ್ಲ. ಆದರೆ "ಆಂ?" ಎಂದರೆ ಅವಳು ಇನ್ನೊಂದು ಸಲ ಹೇಳುತ್ತಾಳೆ. ಎರಡನೇ ಸಲ ಹೇಳುವಾಗ ಏನಾದರೂ ಸೇರಿಸುತ್ತಾಳೆ. ಕೆನ್ನೆಗೆ ಶಾಯಿ ಮೆತ್ತಿದೆ ಎಂದೋ, ಒಂದು ಜಡೆ ಬಿಚ್ಚಿಕೊಂಡಿದೆ ಎಂದೋ. ಹೀಗೆ "ಆಂ?" ಎನ್ನುತ್ತಾ ಎನ್ನುತ್ತಾ ನಾನು ಮೊಮ್ಮಗಳನ್ನು ಕಂಡೆ.

ಆಮೇಲೆ ಸೊಸೆಯ ದನಿ ಒಡೆಯತೊಡಗಿತು. ಶೀತ ಎಂದುಕೊಂಡೆವು, ಬಿಸಿನೀರು ಕುಡಿಸಿದೆವು, ಹೋಗಲಿಲ್ಲ. ಮಗ ಅವಳನ್ನು ಗಂಟಲು ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಾಗ ನಾನೂ ಹಟ ಹಿಡಿದು ಜೊತೆಗೆ ಹೋದೆ. ಗಂಟಲೊಳಗೆ ಗಂಟು ಬೆಳೆದಿದೆ, ಆಪರೇಷನ್ ಆಗಬೇಕು, ಆದಮೇಲೆ ಮಾತು ಬರುತ್ತದೆ, ಆದರೆ ಇದೇ ದನಿ ಬರುತ್ತದೆಂದು ಹೇಳಲಾಗದು ಎಂದರು ಡಾಕ್ಟರಮ್ಮ.

"ಅಲ್ಲೀವರೆಗೂ ಮಾತು ಆರಿಸಿ ಆಡಿ. ಏನು ಹೇಳ್ಬೇಕು, ಯಾರಿಗೆ ಹೇಳ್ಬೇಕು ಅಂತ ನೀವೇ ಯೋಚನೆ ಮಾಡಿ. ಉಳಿದಿದ್ದೆಲ್ಲ ಬಿಟ್ಬಿಡಿ."

ಹೇಳುವುದೇನೋ ಸುಲಭ. ಸೊಸೆ ರಜೆ ಹಾಕಿ ಮನೆಯಲ್ಲಿ ಕೂತಳು. ಮಾತು ಬೆಳ್ಳಿ, ಮೌನ ಬಂಗಾರ ಎಂದವನಿಗೆ ಖಂಡಿತ ಕಣ್ಣು ಚೆನ್ನಾಗಿತ್ತು. ಮಗನಿಗೆ ಕಣ್ಸನ್ನೆ ಸಾಕು, ಗಿಣಿಗೆ ಸ್ಲೇಟಿನ ಮೇಲೆ ಬರೆದರೆ ಸಾಕು. ನನ್ನ ಪಾಲಿಗೆ ಮಾತ್ರ ಸೊಸೆ ಮನೆಯಲ್ಲಿದ್ದುಕೊಂಡೇ ಮಾಯವಾದಳು. ಅಡುಗೆಮನೆಯಲ್ಲಿ ಪಾತ್ರೆ ಸದ್ದಾದರೆ ಅವಳೋ ಮಗನೋ ಗೊತ್ತಾಗುತ್ತಿರಲಿಲ್ಲ. ಹೆಗಲು ತಟ್ಟಿದರೆ ಊಟ, ಅಂಗೈ ಒತ್ತಿದರೆ ಮಾತ್ರೆ. ಸಂಜೆ ಹೊತ್ತು ಒಮ್ಮೊಮ್ಮೆ ಮಂಚಕ್ಕೆ ಬಂದು ಒಂದೆರಡು ಮಾತು ಆಡುತ್ತಿದ್ದಳು, ಅಷ್ಟೇ ನನ್ನ ಪಾಲು. ನಾನು "ಆಂ?" ಎನ್ನುವುದನ್ನು ಬಿಟ್ಟುಬಿಟ್ಟೆ. ನಾಲಿಗೆ ತುದಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ನಿಲ್ದಾಣದ ಮ್ಯಾನೇಜರು ಮನೆಗೇ ಬಂದರು. ಇನ್ನು ಮುಂದೆ ಬಸ್ಸುಗಳನ್ನು ಯಂತ್ರವೇ ಕೂಗುತ್ತದಂತೆ. ಸೊಸೆಗೆ ಕೂತು ಬಸ್ಸಿನ ಸಮಯ ಬರೆದುಕೊಳ್ಳುವ ಕೆಲಸ, ಅದಕ್ಕೇನೂ ಮೋಸವಿಲ್ಲ. ಆದರೆ ಯಂತ್ರಕ್ಕೊಂದು ದನಿ ಬೇಕು, ಆಪರೇಷನ್‌ಗೆ ಮುಂಚೆ ಅವಳೇ ಎಲ್ಲ ಊರಿನ ಹೆಸರನ್ನೂ ಓದಿ ಕೊಡಬೇಕು.

"ಜನಕ್ಕೆ ಇವರ ದನೀನೇ ಅಭ್ಯಾಸ ಆಗ್ಬಿಟ್ಟಿದೆ ಅಮ್ಮಾ. ಶಾಶ್ವತವಾಗಿ ಉಳಿಯುತ್ತೆ ನೋಡಿ," ಎಂದರು ನನಗೆ.

ಮಗ ಡಾಕ್ಟರಮ್ಮನಿಗೆ ಫೋನ್ ಮಾಡಿದ. ಓದಬಹುದು, ಆದರೆ ಉಳಿದ ದನಿಯೆಲ್ಲ ಅಲ್ಲಿಗೇ ಮುಗಿಯುತ್ತದೆ, ಆಮೇಲೆ ಆಪರೇಷನ್‌ವರೆಗೆ ಪಿಸುಮಾತೂ ಕೂಡದು ಎಂದರಂತೆ. ಅವನಿಗೆ ಖುಷಿಯೋ ಖುಷಿ.

"ಅಮ್ಮಾ, ನಿನಗೆ ಬೇಕು ಅನ್ಸಿದಾಗೆಲ್ಲ ನಿಲ್ದಾಣಕ್ಕೆ ಕರ್ಕೊಂಡು ಹೋಗಿ ಕೂರಿಸ್ತೀನಿ. ಕೇಳ್ತಾ ಇರು."

"ನಾನೇನು ಯಾರೋ ಬಿಟ್ಟುಹೋದ ಲಗೇಜಾ, ಅಲ್ಲಿ ಬಿದ್ದಿರೋಕೆ?" ಎಂದು ರೇಗಿದೆ.

ಆದರೆ ಸೊಸೆಯ ಕೈ ಹುಡುಕಿ ಹಿಡಿದು, "ಹೋಗಿ ಓದಿ ಬಾ ಕಣೇ. ಅದು ನಿನ್ನ ಸಂಪಾದನೆ," ಎಂದೆ. ಬಾಯಲ್ಲಿ ಹಾಗಂದೆ. ಒಳಗಿನ ಆಸೆಯೇ ಬೇರೆ. ಆ ದನಿಯ ಕೊನೆಯ ಹನಿಯವರೆಗೂ ನನಗೇ ಬೇಕಿತ್ತು. ಸ್ವಾರ್ಥ ಅನ್ನಿ, ಪರವಾಗಿಲ್ಲ. ಸೊಸೆ ನನ್ನ ಅಂಗೈಯನ್ನು ಸುಮ್ಮನೆ ಒತ್ತಿದಳು. ಮಾತ್ರೆಯ ಹೊತ್ತಾಗಿರಲಿಲ್ಲ.

ಓದಬೇಕಾದ ದಿನ ಬೆಳಿಗ್ಗೆ ನನ್ನ ಮಂಚದ ತುದಿ ತಗ್ಗಿತು. ಸೋಪಿನ ವಾಸನೆ ಬಂತು.

"ಇನ್ನೂ ಹೊರಡ್ಲಿಲ್ವಾ? ನಿಲ್ದಾಣದ ಗಾಡಿ ಬರೋ ಹೊತ್ತಾಯ್ತು," ಎಂದೆ.

"ಅತ್ತೆಯವರ ಗಮನಕ್ಕೆ..."

ನಾನು ಗಾಬರಿಯಿಂದ ಕೈ ಚಾಚಿ ಅವಳ ಬಾಯಿ ಮುಚ್ಚಲು ಹೋದೆ. ಅವಳು ಆ ಕೈಯನ್ನು ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಗಾಡಿ ಬರಲ್ಲ. ಬೇಡ ಅಂತ ಹೇಳಿ ಕಳಿಸ್ದೆ. ಕೆಲಸಕ್ಕೆ ಹೊಸದಾಗಿ ಸೇರಿರೋ ಹುಡುಗಿ ಓದ್ತಾಳೆ. ಅವಳ ದನೀನೂ ಚೆನ್ನಾಗಿದೆ."

"ನಿನಗೇನು ತಲೆ ಕೆಟ್ಟಿದೆಯಾ? ಈ ಕುರುಡಿಗೋಸ್ಕರ..."

"ನಿಮಗೋಸ್ಕರ ಅಲ್ಲ ಅತ್ತೆ." ಅವಳು ನಡುನಡುವೆ ನಿಲ್ಲಿಸಿ, ಉಸಿರು ಕೂಡಿಸಿಕೊಂಡು ಹೇಳಿದಳು. "ಇಷ್ಟು ವರ್ಷ ಅಲ್ಲಿ ಕೂಗಿದೀನಿ. ಎಲ್ರೂ ಕೇಳಿಸ್ಕೊಂಡು ಬಸ್ ಹತ್ತಿ ಹೋದ್ರು. ಅದೂ ಒಳ್ಳೇ ಕೆಲಸಾನೇ. ಆದ್ರೆ ಇನ್ನೊಂದ್ಸಲ ಹೇಳು ಅಂದಿದ್ದು ನೀವೊಬ್ರೇ. ಉಳಿದಿರೋ ದನಿ ಎಲ್ಲಿ ಆಡಿ ಮುಗಿಸ್ಲಿ ಅಂತ ನನ್ನನ್ನೇ ಕೇಳ್ಕೊಂಡೆ. ಈ ಮಂಚಾನೇ ನೆನಪಾಯ್ತು."

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಇಬ್ಬರಿಗೂ ಸೇರಿ ಒಂದು ಕಾಲ ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಸೆರಗಿನಿಂದ ಅವಳೇ ನನ್ನ ಕಣ್ಣು ಒರೆಸಿ, ಗಂಟಲು ಸರಿಮಾಡಿಕೊಂಡು ಮತ್ತೆ ಶುರು ಮಾಡಿದಳು.

"ಅತ್ತೆಯವರ ಗಮನಕ್ಕೆ. ಗಿಣಿ ಇನ್ನೂ ಮಲಗಿದಾಳೆ. ಹೊಸ ಹಲ್ಲು ಬಂದು ತಲುಪಿದೆ, ಸ್ವಲ್ಪ ವಾರೆಯಾಗಿ ನಿಂತಿದೆ. ಹುಬ್ಬು ಅವರಪ್ಪಂದು, ಮೂಗು ನಂದು. ನಕ್ಕಾಗ ಮಾತ್ರ ಥೇಟ್ ನೀವೇ. ಹೇಳಿದ್ರೆ ನಿಮ್ಮನ್ನ ಹಿಡಿಯೋಕಾಗಲ್ಲ ಅಂತ ಇಷ್ಟು ದಿನ ಬಚ್ಚಿಟ್ಟಿದ್ದೆ."

ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತ್ತು. ನಾನು ತುಟಿ ಕಚ್ಚಿಕೊಂಡು ಕೂತೆ. ಅವಳೂ ಕಾದಳು.

"ಯಾಕತ್ತೆ, ಈಗೀಗ 'ಆಂ?' ಅನ್ನೋದೇ ಇಲ್ಲ ನೀವು?"

"ನಿನ್ನ ಗಂಟಲು..."

"ಅನ್ನಿ ಅತ್ತೆ. ಒಂದೇ ಒಂದ್ಸಲ."

"ಆಂ?" ಎಂದೆ.

ಅವಳು ನಕ್ಕಳು, ಆ ಒಡಕು ದನಿಯಲ್ಲೇ. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, ವಾರೆ ಹಲ್ಲಿನಿಂದ ಹಿಡಿದು ಎಲ್ಲವನ್ನೂ ಒಂದಿಷ್ಟೂ ಜಿಪುಣತನವಿಲ್ಲದೆ ಇನ್ನೊಂದು ಸಲ ಹೇಳಿದಳು. ಕೊನೆಗೆ ಎಂದಿನ ಹಾಗೆ ಒಂದು ಮಾತು ಸೇರಿಸಿದಳು.

"ಬಲಗೆನ್ನೇಲಿ ಮಾತ್ರ ಗುಳಿ ಬೀಳುತ್ತೆ. ಎಡಗಡೆ ಇಲ್ಲ."

ನಾನು ನಗುತ್ತಲೇ ಬಲಗೆನ್ನೆಯನ್ನು ಮುಟ್ಟಿ ನೋಡಿಕೊಂಡೆ. ಅಷ್ಟೊಂದು ಸುಕ್ಕುಗಳ ನಡುವೆ ಗುಳಿ ಇನ್ನೂ ಇತ್ತು.