ಗೀರು ಬಿದ್ದ ಜೋಳ

ಸಾವಿರದ ಒಂಬೈನೂರ ನಲವತ್ತಾರರ ಕೊಯ್ಲು ಮುಗಿದಿತ್ತು. ತೂಬಗೆರೆಯ ನರಸಮ್ಮ ಬೀಜದ ಮುಸುಕಿನ ಜೋಳವನ್ನು ಸಿಪ್ಪೆಯಿಂದಲೇ ಜಡೆ ಹೆಣೆದು ಒಲೆಯ ಮೇಲಿನ ತೊಲೆಗೆ ಕಟ್ಟುತ್ತಿದ್ದಳು. ಹಳದಿ ಕಾಳಿನ ಮೇಲೆ ಮತ್ತೆ ಕೆಂಪು ಗೀರು. ಹಿಂದಿನ ಸಲ ಗೀರಿನ ತೆನೆಗಳನ್ನೆಲ್ಲ ದನಕ್ಕೆ ಹಾಕಿ, ಕಾಳು ಆರಿಸಿ ಬಿತ್ತಿದ್ದಳು. ಆದರೂ ಬಂದಿತ್ತು.

ಹೊಲ ಆದಿನಾರಾಯಣಪ್ಪನವರದು, ಬೆವರು ಅವಳದು ಮತ್ತು ಅವಳ ಗಂಡ ಜವರಪ್ಪನದು. ನಮ್ಮ ಮನೆಯ ಬೀಜಕ್ಕೆ ಸಂತೆಯ ಕಾಳು ಬೆರೆಸಿದ್ದೀರಿ, ಯುಗಾದಿಗೆ ಹೊಲ ಬಿಡಿ ಎಂದು ಆದಿನಾರಾಯಣಪ್ಪ ಕೂಗಾಡಿದ್ದರು. ವರ್ಷಗಟ್ಟಲೆ ಕಲ್ಲು ಆರಿಸಿ ಹದ ಮಾಡಿದ ನೆಲ ಒಂದು ಗೀರಿಗೆ ಹೋಗಬೇಕಿತ್ತು. ಒಡೆಯನಿಗೆ ಬೇಕಾದದ್ದು ನೆಪ. ಅದು ಕಾಳಿನಷ್ಟಿದ್ದರೂ ಸಾಕು.

ಬೇಸಾಯದ ಇಲಾಖೆಯ ಚಿನ್ನಸ್ವಾಮಿ ಒಡೆಯರ ಜಗಲಿಗೆ ಬಂದ ದಿನ ನರಸಮ್ಮ ತೆನೆ ಹಿಡಿದು ಹೋದಳು. ಚಿನ್ನಸ್ವಾಮಿ ಅದನ್ನು ತಿರುಗಿಸಿ ನೋಡಿದರು. ಬೆರಕೆಯಾದರೆ ಪೈರಿನ ಎತ್ತರ, ಎಲೆ, ಮಾಗುವ ಕಾಲ ಎಲ್ಲ ಏರುಪೇರಾಗಬೇಕಿತ್ತು. ಬೆಳೆ ನಿಂತಿದ್ದಾಗ ನಾನೇ ನೋಡಿದ್ದೇನೆ, ಹಾಗಿರಲಿಲ್ಲ ಎಂದರು. ಬೀಜದೊಳಗೆ ಒಂದೊಂದು ಗುಣವೂ ಒಂದೊಂದು ಗಂಟಿನಂತೆ. ಹೆಚ್ಚಿನವು ಬಿಗಿ, ಎಷ್ಟೋ ತಲೆಮಾರು ಅಲುಗುವುದಿಲ್ಲ. ಈ ಬಣ್ಣದ ಗಂಟು ಮಾತ್ರ ಸಡಿಲ. ತೆನೆ ಬೆಳೆಯುವಾಗಲೇ ಜಾರುತ್ತದೆ, ಜಾರಿದ ಕಡೆ ಕೆಂಪು ಎಂದು ವಿವರಿಸಿದರು. ಪುಸ್ತಕದ ಮಾತು ಎಂದು ಆದಿನಾರಾಯಣಪ್ಪ ಮುಖ ತಿರುಗಿಸಿದರು.

ಹೊತ್ತು ಇಳಿದಿತ್ತು. ಜಗಲಿಯ ಪಕ್ಕ ಸಂಜೆಮಲ್ಲಿಗೆ ಅರಳುತ್ತಿತ್ತು. ಒಂದೇ ಗಿಡದಲ್ಲಿ ಹಳದಿ ಹೂ, ಕೆಂಪು ಹೂ, ಹಳದಿಯ ಮೇಲೆ ಕೆಂಪು ಗೀರಿನ ಹೂ. ಒಡೆಯರ ಹೆಂಡತಿ ಗಂಗಲಕ್ಷ್ಮಮ್ಮ ದೇವರಿಗೆ ಬಿಡಿಸುತ್ತಿದ್ದರು.

“ಅಮ್ಮಾರೆ, ಈ ಗಿಡ ಹಾಕಿದ್ದು ಯಾರು?” ಎಂದಳು ನರಸಮ್ಮ.

“ನಾನೇ ಕಣೇ. ಒಂದೇ ಬೀಜ ಊರಿದ್ದು.”

“ಎಲೆ ಎಲ್ಲಾ ಒಂದೇ ತರ ಐತೆ. ಹೂವಿಗೆ ಯಾರು ಬೆರಕೆ ಮಾಡಿದ್ರು?”

ಗಂಗಲಕ್ಷ್ಮಮ್ಮ ಬುಟ್ಟಿಯ ಹೂ ನೋಡಿದರು, ತೆನೆ ನೋಡಿದರು, ನಕ್ಕುಬಿಟ್ಟರು. ಗಂಡನ ಕಡೆ ತಿರುಗಿ, “ಇವಳನ್ನ ಹೊಲ ಬಿಡ್ಸೋದಾದ್ರೆ ಮೊದ್ಲು ನನ್ ಗಿಡ ಕಿತ್ತಾಕಿ” ಎಂದರು.

ಹೊಲ ಮಾಡಿಕೊಂಡು ಹೋಗಿ ಎಂದು ಆದಿನಾರಾಯಣಪ್ಪ ಗೊಣಗಿದರು. ನರಸಮ್ಮ ಕದಲಲಿಲ್ಲ. ಇಲಾಖೆಯ ಸಾಹೇಬರಿಗೂ ಕೇಳುವ ಹಾಗೆ ಹೇಳಬೇಕು ಎಂದಳು. ಒಡೆಯರು ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು.

ಮನೆಗೆ ಬಂದು ಮತ್ತೆ ಜಡೆ ಹೆಣೆಯಲು ಕೂತಳು. ಗೀರಿನ ತೆನೆಯನ್ನು ಹಳದಿಯವುಗಳ ನಡುವೆ ಸೇರಿಸಿದಾಗ, ದನಕ್ಕೆ ಹಾಕುವುದಿಲ್ಲವೇ ಎಂದು ಜವರಪ್ಪ ಕೇಳಿದ.

“ಯಾಕೆ ಹಾಕ್ಲಿ? ಇದೂ ನಮ್ ಹೊಲದ್ದೇ” ಎಂದು ಗಂಟು ಬಿಗಿದಳು.